ಅಲ್ಬೇನಿಯಾದ ಫ್ಲಿಯಾವನ್ನು ಮನೆಯ ಓವನ್‌ನಲ್ಲಿ ಮಾಡಬಹುದಾ?

ಖಂಡಿತ ಮಾಡಬಹುದು, ನಾನು ಮಾಡುತ್ತೇನೆ. ಫ್ಲಿಯಾ ಅಂದರೆ ತೆಳು ಹಿಟ್ಟನ್ನು ಪದರ ಪದರವಾಗಿ ಹೊಯ್ದು, ನಡುನಡುವೆ ಕೆನೆ ಸವರಿ ಬೇಯಿಸುವ ತಿಂಡಿ. ಆದರೆ ಹಿಟ್ಟನ್ನೆಲ್ಲ ಒಂದೇ ಸಲ ಸುರಿದು ಕೇಕ್ ಥರ ಬೇಯಿಸಿದರೆ ಅದು ಫ್ಲಿಯಾ ಆಗುವುದಿಲ್ಲ. ಅದಕ್ಕೆ ಬೇಕಾಗಿರುವುದು ಮೇಲಿನಿಂದ ಬರುವ ಕಾವು.

ಕೊಸೊವೊದಲ್ಲಿ, ಉತ್ತರ ಅಲ್ಬೇನಿಯಾದ ಬೆಟ್ಟದೂರುಗಳಲ್ಲಿ ಇದನ್ನು ಅಂಗಳದಲ್ಲಿ ಬೆಂಕಿ ಹಾಕಿ ಮಾಡುತ್ತಾರೆ. 'ಸಾಚ್' ಅನ್ನುವ ಉಬ್ಬಿದ ಲೋಹದ ಮುಚ್ಚಳವನ್ನು ಬೆಂಕಿಯಲ್ಲಿ ಚೆನ್ನಾಗಿ ಕಾಯಿಸಿ, ಹಿಟ್ಟು ಹೊಯ್ದ ದುಂಡನೆ ತಟ್ಟೆಯ ಮೇಲೆ ಕವುಚುತ್ತಾರೆ. ಪದರ ಬೆಂದ ಮೇಲೆ ಮುಚ್ಚಳ ತೆಗೆದು, ಕೆನೆ ಸವರಿ, ಮತ್ತೆ ಹಿಟ್ಟು. ಹೀಗೇ ಗಂಟೆಗಟ್ಟಲೆ ನಡೆಯುತ್ತದೆ. ಅದಕ್ಕೇ ಇದು ನೆಂಟರು ಸೇರಿದಾಗ, ಬೆಂಕಿಯ ಸುತ್ತ ಮಾತಾಡುತ್ತಾ ಮಾಡುವ ಅಡುಗೆ. ಈ ಭಾಗ ನನಗೆ ತುಂಬಾ ಇಷ್ಟ.

ಹಿಟ್ಟು ಸರಳ: ಮೈದಾ, ನೀರು, ಉಪ್ಪು. ಅರ್ಧ ಕೆಜಿ ಮೈದಾಕ್ಕೆ ಸುಮಾರು 750 ಎಂಎಲ್ ನೀರು ಹಾಕಿ, ಗಂಟಿಲ್ಲದ ಹಾಗೆ ಕಲಸಿ. ದೋಸೆ ಹಿಟ್ಟಿಗಿಂತ ತೆಳ್ಳಗೆ, ನೀರುದೋಸೆಗಿಂತ ಗಟ್ಟಿ ಇರಲಿ. ಸವರಲು ಅಲ್ಲಿ ಕೈಮಾಕ್ ಅನ್ನೋ ಗಟ್ಟಿ ಕೆನೆ ಬಳಸುತ್ತಾರೆ. ನಾನು ಕರಗಿಸಿದ ಬೆಣ್ಣೆಗೆ ಫ್ರೆಶ್ ಕ್ರೀಮ್, ಸ್ವಲ್ಪ ಗಟ್ಟಿ ಮೊಸರು ಸೇರಿಸುತ್ತೇನೆ. ಇದರಲ್ಲಿ ಜಿಪುಣತನ ಬೇಡ. ಕೆನೆ ಕಮ್ಮಿಯಾದರೆ ಪದರಗಳು ಅಂಟಿಕೊಂಡು ಮುದ್ದೆಯಾಗುತ್ತವೆ.

ಈಗ ಓವನ್. ಮೇಲಿನ ರಾಡ್ ಮಾತ್ರ ಉರಿಯುವ ಗ್ರಿಲ್ ಮೋಡ್‌ಗೆ ಹಾಕಿ, ಚೆನ್ನಾಗಿ ಕಾಯಲಿ. ಬೆಣ್ಣೆ ಸವರಿದ ತಟ್ಟೆಯಲ್ಲಿ ಚಮಚದಿಂದ ಹಿಟ್ಟನ್ನು ನಡುವಿನಿಂದ ಅಂಚಿಗೆ ಎಳೆಯಿರಿ, ಸೂರ್ಯನ ಕಿರಣ ಬಿಡಿಸುವ ಹಾಗೆ. ಕಿರಣಗಳ ಮಧ್ಯೆ ಜಾಗ ಖಾಲಿ ಬಿಡಿ. ಅಲ್ಲಲ್ಲಿ ಕಂದು ಚುಕ್ಕೆ ಬಂದ ಮೇಲೆ ಹೊರಗೆ ತೆಗೆದು ಕೆನೆ ಸವರಿ, ಆ ಖಾಲಿ ಜಾಗಗಳಿಗೆ ಹಿಟ್ಟು ಹೊಯ್ದು ಮತ್ತೆ ಒಳಗಿಡಿ. ಮುಂದಿನ ಸಲ ಮೊದಲ ಕಿರಣಗಳ ಮೇಲೆ. ಹೀಗೆ ಅದಲುಬದಲು ಮಾಡುತ್ತಾ ಹೋದರೆ ಪದರಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಗಡಿಯಾರ ನೋಡಬೇಡಿ, ಬಣ್ಣ ನೋಡಿ. ನಿಜ ಹೇಳಬೇಕೆಂದರೆ ಕೆಂಡದ ಆ ಹೊಗೆವಾಸನೆ ಓವನ್‌ನಲ್ಲಿ ಬರುವುದಿಲ್ಲ. ಪದರ ಮಾತ್ರ ಚೆನ್ನಾಗಿ ಬರುತ್ತದೆ.

ಕೊನೆಗೆ ಬಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಿ, ಆಮೇಲೆ ತುಂಡು ಮಾಡಿ. ಅಲ್ಲಿಯವರು ಮೊಸರು, ಚೀಸ್, ಉಪ್ಪಿನಕಾಯಿ ಜೊತೆಗೂ ತಿನ್ನುತ್ತಾರೆ, ಜೇನುತುಪ್ಪದ ಜೊತೆಗೂ ತಿನ್ನುತ್ತಾರೆ. ನನ್ನ ಓಟು ಮೊಸರಿಗೆ. ಉಳಿದರೆ ಮಾರನೇ ದಿನ ತವಾ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಿಟ್ಟು ಬಿಸಿ ಮಾಡಿ. ಮೈಕ್ರೋವೇವ್‌ನಲ್ಲಿಟ್ಟರೆ ನಾರಾಗುತ್ತದೆ.