ಕಥೆಯಲ್ಲಿ ಮೂಡ್, ಟೋನ್ ಎರಡೂ ಒಂದೇ ಅಲ್ಲವೇ? ಬರೆಯುವವರು ಅವನ್ನು ತರುವುದು ಹೇಗೆ?

ನಿಮ್ಮ ಪ್ರಶ್ನೆಯ ಕೆಳಗೆ ಸೇರಿಸಿದ ಎರಡು ಸಾಲುಗಳಿಗಾಗಿಯೇ ಉತ್ತರಿಸಲು ಕುಳಿತೆ. ಅಜ್ಜಿಯ ಮನೆ ಮಾರಿದ ಬಗ್ಗೆ ಕಥೆ ಬರೆದಿದ್ದೀರಿ, ಓದಿದವರು 'ದುಃಖದ ಕಥೆ' ಎಂದಿದ್ದಾರೆ, ಆದರೆ ಯಾರ ಮನಸ್ಸೂ ಕಲಕಲಿಲ್ಲ. ಕಾಸರಗೋಡಿನ ಹಳ್ಳಿಯೊಂದರಲ್ಲಿ ಹೈಸ್ಕೂಲಿನ ಮಕ್ಕಳಿಗೆ ಕನ್ನಡ ಕಲಿಸುವ ನನಗೆ ಈ ತೊಡಕು ದಿನನಿತ್ಯದ್ದು. ಇಲ್ಲಿನ ಮಕ್ಕಳು ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಹವ್ಯಕ ಕನ್ನಡ ಹೀಗೆ ಏನೇನೋ ಮಾತಾಡುತ್ತಾರೆ. ಪುಸ್ತಕದ ಕನ್ನಡ ಅವರಿಗೆ ಶಾಲೆಯಲ್ಲಿ ಸಿಗುವುದು. ಪ್ರಬಂಧ ಬರೆಯಲು ಹೇಳಿದರೆ 'ನನಗೆ ತುಂಬಾ ಸಂತೋಷವಾಯಿತು', 'ಎಲ್ಲರಿಗೂ ಬಹಳ ಬೇಸರವಾಯಿತು' ಎಂದು ಭಾವದ ಹೆಸರನ್ನು ಬರೆದು ಮುಗಿಸುತ್ತಾರೆ. ಅದೇ ಮಕ್ಕಳು ಮಧ್ಯಾಹ್ನ ಊಟದ ಹೊತ್ತಿಗೆ ಮನೆಯ ಸುದ್ದಿ ಹೇಳತೊಡಗಿದರೆ ಕೇಳುವವರ ತುತ್ತು ಕೈಯಲ್ಲೇ ಉಳಿಯುತ್ತದೆ.

ಎರಡೂ ಒಂದೇ ಅಲ್ಲ. ಓದುತ್ತಾ ಹೋದಂತೆ ಓದುಗನ ಮನಸ್ಸಿನ ಮೇಲೆ ಕವಿಯುವುದು ಮೂಡ್. ಅದನ್ನು ವಾತಾವರಣ ಎನ್ನೋಣ. ಹೇಳುವವನಿಗೆ ತಾನು ಹೇಳುತ್ತಿರುವ ಜನರ ಮೇಲೆ ಇರುವ ಅಕ್ಕರೆಯೋ ಸಿಟ್ಟೋ ತಾತ್ಸಾರವೋ ಮಾತಿನೊಳಗಿಂದ ಕೇಳಿಸುವುದು ಟೋನ್. ಅದಕ್ಕೆ ಧಾಟಿ ಎಂಬ ಒಳ್ಳೆಯ ಪದ ನಮ್ಮಲ್ಲೇ ಇದೆ. ನನ್ನ ತಿಳಿವಳಿಕೆಯಲ್ಲಿ, ವಾತಾವರಣ ಹುಟ್ಟುವುದು ಯಾವ ವಸ್ತು ಮೊದಲು ಕಣ್ಣಿಗೆ ಬೀಳುತ್ತದೆ, ಯಾವುದು ಆಮೇಲೆ ಎಂಬುದರಿಂದ. ಧಾಟಿ ಹುಟ್ಟುವುದು ಯಾರನ್ನು ಏನೆಂದು ಕರೆಯುತ್ತೀರಿ, ಕ್ರಿಯಾಪದವನ್ನು ಹೇಗೆ ಮುಗಿಸುತ್ತೀರಿ ಎಂಬುದರಿಂದ. ಭಾವದ ಹೆಸರು ಹೇಳಿಬಿಡುವುದರಿಂದ ಎರಡೂ ಹುಟ್ಟುವುದಿಲ್ಲ.

ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಕಾವ್ಯಮೀಮಾಂಸಕ ಆನಂದವರ್ಧನ 'ಧ್ವನ್ಯಾಲೋಕ'ದಲ್ಲಿ ಇದನ್ನು ಬಿಡಿಸಿ ಹೇಳಿದ್ದಾನೆ. 'ಶೃಂಗಾರ' ಎಂಬ ಶಬ್ದ ಹಾಕಿದ ಮಾತ್ರಕ್ಕೆ ಶೃಂಗಾರರಸ ಬರುವುದಿಲ್ಲ. ಆ ಶಬ್ದವೇ ಇಲ್ಲದಿದ್ದರೂ ಸಂದರ್ಭ, ಹಾವಭಾವ, ಮೈಯಲ್ಲಾಗುವ ಬದಲಾವಣೆಗಳು ಸರಿಯಾಗಿ ಕೂಡಿದಲ್ಲಿ ರಸ ತಾನಾಗಿ ಹೊಮ್ಮುತ್ತದೆ. ಮತ್ತೂ ಒಂದು ಸೂಕ್ಷ್ಮವಿದೆ: ಇವೆಲ್ಲ ಇದ್ದು, ಹೆಸರನ್ನೂ ಹೇಳಿದರೆ ಆ ಹೆಸರು ಮೊದಲೇ ಆದದ್ದನ್ನು ಮತ್ತೊಮ್ಮೆ ಹೇಳುತ್ತದೆ, ಅಷ್ಟೆ. ಹಾಗಾಗಿ 'ದುಃಖ' ಎಂಬ ಪದವನ್ನು ಬಹಿಷ್ಕರಿಸಬೇಕಾಗಿಲ್ಲ. ಅದರ ಮೇಲೆ ಭಾರ ಹೊರಿಸಬಾರದು.

ಈಗ ರನ್ನನ 'ಗದಾಯುದ್ಧ'ದ ಕಂದಪದ್ಯವೊಂದನ್ನು ಹತ್ತಿರದಿಂದ ನೋಡಿ. ದುರ್ಯೋಧನ ವೈಶಂಪಾಯನ ಸರೋವರದ ನೀರಿನಲ್ಲಿ ಮುಳುಗಿ ಅಡಗಿದ್ದಾನೆ. ದಡದಲ್ಲಿ ಭೀಮ ಅಬ್ಬರಿಸುತ್ತಾನೆ.

ಆ ರವಮಂ ನಿರ್ಜಿತ ಕಂ-
ಠೀರವರವಮಂ ನಿರಸ್ತ ಘನರವಮಂ ಕೋ-
ಪಾರುಣನೇತ್ರಂ ಕೇಳ್ದಾ
ನೀರೊಳಗಿರ್ದುಂ ಬೆಮರ್ತನುರಗಪತಾಕಂ

ಸಿಂಹದ ಗರ್ಜನೆಯನ್ನೂ ಗುಡುಗನ್ನೂ ಮೀರಿಸಿದ ಆ ದನಿ ಕೇಳಿ, ಕೋಪದಿಂದ ಕಣ್ಣು ಕೆಂಪಾದ ಸರ್ಪಧ್ವಜ, ಅಂದರೆ ದುರ್ಯೋಧನ, ನೀರಿನೊಳಗಿದ್ದೂ ಬೆವರಿದ. ಮೊದಲ ಎರಡು ಸಾಲುಗಳನ್ನು ಗಟ್ಟಿಯಾಗಿ ಓದಿ: 'ರವ' ಎಂಬ ಸದ್ದು ಮತ್ತೆ ಮತ್ತೆ ಬಂದು ಬಡಿಯುತ್ತದೆ, ನಾಲ್ಕೂ ಸಾಲುಗಳ ಪ್ರಾಸಾಕ್ಷರವೂ, ಅಂದರೆ ಸಾಲಿನ ಎರಡನೆಯ ಅಕ್ಷರವೂ, 'ರ'. ಭೀಮನ ಕೂಗು ನಮ್ಮ ಕಿವಿಗೇ ಬಿದ್ದಿತು. ಭಯ ಎಂಬ ಮಾತು ಎಲ್ಲೂ ಇಲ್ಲ, ಬೆವರು ಮಾತ್ರ ಇದೆ. ಬೆವರಿದ್ದು ಸಿಟ್ಟಿಗೋ ದಿಗಿಲಿಗೋ? ಕೆಂಪಾದ ಕಣ್ಣು ಸಿಟ್ಟಿನ ಕಡೆಗೆ ಎಳೆಯುತ್ತದೆ, ಅಡಗಿ ಕುಳಿತ ಸ್ಥಿತಿ ದಿಗಿಲಿನ ಕಡೆಗೆ. ಆ ಎಳೆದಾಟವೇ ಪದ್ಯದ ವಾತಾವರಣ.

ಇನ್ನು ಧಾಟಿ. ರನ್ನ ಈ ಕಾವ್ಯ ಬರೆದದ್ದು ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ. ಇದಕ್ಕೆ 'ಸಾಹಸಭೀಮ ವಿಜಯ' ಎಂಬ ಹೆಸರೂ ಇದೆ. ಅಂದರೆ ಆಶ್ರಯದಾತನ ಲೆಕ್ಕದಲ್ಲಿ ಕವಿ ಭೀಮನ ಕಡೆಯವನು. ಆದರೂ ನೀರಿನಲ್ಲಿ ಅಡಗಿದವನನ್ನು ಹೇಡಿ ಎನ್ನಲಿಲ್ಲ, ಪಾಪಿ ಎನ್ನಲಿಲ್ಲ. ಕೊನೆಯ ಪದವಾಗಿ ಅವನ ರಾಜಧ್ವಜದ ಹೆಸರನ್ನು ತಂದಿಟ್ಟ. ಸೈನ್ಯವಿಲ್ಲ, ತಮ್ಮಂದಿರಿಲ್ಲ, ಮಗನಿಲ್ಲ, ಪತಾಕೆಯ ಹೆಸರು ಇನ್ನೂ ಇದೆ. ಆ ಒಂದು ಪದದಲ್ಲಿ ಕವಿಯ ಗೌರವವೂ ಮರುಕವೂ ಒಟ್ಟಿಗೆ ಕೇಳಿಸುತ್ತವೆ. ವಾತಾವರಣ ಒಂದು ಕಡೆ, ಧಾಟಿ ಇನ್ನೊಂದು ಕಡೆ ಎಳೆಯುವ ಇಂಥ ಜಾಗಗಳಲ್ಲೇ ಸಾಹಿತ್ಯಕ್ಕೆ ಜೀವ ಬರುತ್ತದೆ ಎಂದು ನಾನು ನಂಬಿದ್ದೇನೆ.

ದೊಡ್ಡ ಕವಿಯ ಮಾತಾಯಿತು, ನಾವು ಬರೆಯುವಾಗ ಹೇಗೆ ಎಂದು ಕೇಳಬಹುದು. ನಮ್ಮ ಊರಿನ ಸಂಗತಿಯನ್ನೇ ತೆಗೆದುಕೊಳ್ಳೋಣ. ಇಲ್ಲಿ ಮಳೆಗಾಲವೆಂದರೆ ಅಡಿಕೆಗೆ ಕೊಳೆರೋಗದ ಹೆದರಿಕೆ. ಮೈಲುತುತ್ತು, ಸುಣ್ಣ ಸೇರಿಸಿ ಮಾಡಿದ ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲು ಒಂದು ಸಲ, ನಡುವೆ ಬಿಸಿಲು ಸಿಕ್ಕಾಗ ಇನ್ನೊಂದು ಸಲ ಗೊನೆಗಳಿಗೆ ಸಿಂಪಡಿಸುತ್ತಾರೆ. ಮದ್ದು ಬಿಡುವುದು ಎನ್ನುತ್ತೇವೆ. ವಿದ್ಯಾರ್ಥಿ ಬರೆಯುವುದು ಹೀಗೆ: 'ಮಳೆ ಜೋರಾಗಿ ಸುರಿಯುತ್ತಿತ್ತು. ತೋಟವೆಲ್ಲ ಹಾಳಾಯಿತು. ಅಪ್ಪನಿಗೆ ತುಂಬಾ ದುಃಖವಾಯಿತು.' ಇದನ್ನೇ ಹೀಗೆ ಬರೆದು ನೋಡಿ:

'ಎರಡನೆಯ ಮದ್ದಿಗೆ ಮಳೆ ಎಡೆ ಕೊಡಲಿಲ್ಲ. ಕಲಸಿಟ್ಟ ಸುಣ್ಣದ ಮೇಲೆ ಕೆನೆ ಕಟ್ಟಿತ್ತು. ಬೆಳಗ್ಗೆ ತೋಟಕ್ಕೆ ಇಳಿದ ಅಪ್ಪ ಉದುರಿದ ಕಾಯಿಗಳನ್ನು ಹೆಕ್ಕಲಿಲ್ಲ. ಕಾಲಿನಿಂದ ಬದಿಗೆ ಸರಿಸುತ್ತಾ ಕೊನೆಯ ಸಾಲಿನವರೆಗೆ ಹೋಗಿ ಬಂದರು. ಅಂಗಳದಲ್ಲಿ ಕಾಲು ತೊಳೆಯುವಾಗ ಅಮ್ಮ ಏನೂ ಕೇಳಲಿಲ್ಲ.'

ಹೆಕ್ಕದೆ ಬಿಟ್ಟದ್ದು, ಕೇಳದೆ ಉಳಿದದ್ದು, ಈ ಎರಡು ಇಲ್ಲಗಳು ಇಲ್ಲಿ ಕೆಲಸ ಮಾಡುತ್ತಿವೆ. ಮಳೆಯನ್ನು ವರ್ಣಿಸಿಲ್ಲ, ಮಳೆಯಿಂದ ಯಾವ ಕೆಲಸ ನಿಂತಿತು ಎಂದು ಹೇಳಿದೆ. ಆಕಾಶ ಅಳುವ, ಮೋಡ ಮುಖ ಕಪ್ಪಾಗಿಸುವ ವರ್ಣನೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ; ಯಾವ ಕಥೆಗೂ ಸಲ್ಲುವ ಮಳೆ ನಿಮ್ಮ ಕಥೆಗೆ ಸಲ್ಲದು.

ಈ ಮೇಲಿನ ತುಣುಕಿನಲ್ಲಿ 'ಅಪ್ಪ... ಬಂದರು' ಎಂದಿದೆ. ಅದನ್ನು 'ಯಜಮಾನರು ಹೋಗಿ ಬಂದರು' ಎಂದು ಬದಲಿಸಿ, ಹೇಳುವವನು ಕೆಲಸದಾಳಾದ. 'ಮುದುಕ ಹೋಗಿ ಬಂದ' ಎನ್ನಿ, ಅದೇ ತೋಟ, ಅದೇ ಕಾಯಿ, ಆದರೆ ಹಳೆಯ ಮುನಿಸೊಂದು ಬಾಯಿ ತೆರೆಯಿತು. ಕನ್ನಡದ ಕ್ರಿಯಾಪದದಲ್ಲಿ ಇದಕ್ಕಿಂತ ಸಣ್ಣ ಹದಗಳೂ ಇವೆ. 'ಮಗ ಬೆಂಗಳೂರಿಗೆ ಹೋದ' ಎಂದರೆ ವರದಿ. 'ಹೋಗಿಬಿಟ್ಟ' ಎಂದರೆ ಬಿಟ್ಟುಹೋದ ನೋವು. 'ಹೋದನಂತೆ' ಎಂದರೆ ಹೇಳಿ ಹೋಗಲಿಲ್ಲ ಎಂಬ ದೂರು. ಭಾವಕ್ಕೆ ವಿಶೇಷಣಗಳನ್ನು ಹುಡುಕುತ್ತಾ ಅಲೆಯುವವರು ಇಷ್ಟು ಹತ್ತಿರವಿರುವ ಈ 'ಬಿಡು', 'ಅಂತೆ'ಗಳ ಕಡೆ ನೋಡುವುದೇ ಇಲ್ಲವಲ್ಲ ಎಂದು ನನಗೆ ಸಂಕಟವಾಗುತ್ತದೆ.

ಕರೆಯುವ ಬಗೆಯಲ್ಲೇ ಕಥೆ ಮುಂದೆ ಹೋಗುವುದನ್ನು ಕೇಳಬೇಕಾದರೆ ನಮ್ಮ ಕಡೆಯ ಯಕ್ಷಗಾನ ತಾಳಮದ್ದಳೆಗೆ ಬನ್ನಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಚೆಂಡೆ ಮದ್ದಳೆ, ಕುಳಿತು ಮಾತಾಡುವ ಅರ್ಥಧಾರಿಗಳು, ಅಷ್ಟೆ. 'ಕರ್ಣಭೇದನ'ದಂಥ ಪ್ರಸಂಗದಲ್ಲಿ ಕೃಷ್ಣನ ಅರ್ಥ ಹೇಳುವವರು ಕರ್ಣನನ್ನು ಯಾವ ಹಂತದಲ್ಲಿ ಅಂಗರಾಜ ಎನ್ನುತ್ತಾರೆ, ಯಾವಾಗ ಬರಿಯ ಕರ್ಣ ಎನ್ನುತ್ತಾರೆ, 'ಕೌಂತೇಯ' ಎಂಬ ಮಾತನ್ನು ಎಷ್ಟು ಹೊತ್ತು ತಡೆದಿಡುತ್ತಾರೆ ಎಂದು ಗಮನಿಸಿ. ಕುಮಾರವ್ಯಾಸ ಇದೇ ಸನ್ನಿವೇಶದಲ್ಲಿ, ಗುಟ್ಟು ಒಡೆಯುವ ಮೊದಲೇ, 'ಮೈದುನತನದ ಸರಸವನೆಸಗಿ' ಕೃಷ್ಣ ಕರ್ಣನನ್ನು ರಥದಲ್ಲಿ ಎಳೆದು ಕೂರಿಸಿಕೊಂಡ ಎನ್ನುತ್ತಾನೆ. ಕುಂತಿಯ ಮಗನೆಂದರೆ ಕೃಷ್ಣನಿಗೆ ಸೋದರತ್ತೆಯ ಮಗ. ಸುದ್ದಿ ಇನ್ನೂ ಬಾಯಿಗೆ ಬಂದಿಲ್ಲ, ಸಲಿಗೆಯಲ್ಲಿ ಆಗಲೇ ಬಂದಿದೆ. ಆ ಸಲಿಗೆಗೆ ಕರ್ಣ ಅಂಜುತ್ತಾನೆ. ನಿಜ ತಿಳಿದ ಮೇಲೆ ಅವನ ಕೊರಳ ಸೆರೆ ಉಬ್ಬುತ್ತದೆ, ಕಣ್ಣೀರು ನುಗ್ಗುತ್ತದೆ, ಆಮೇಲಷ್ಟೇ ಕವಿ 'ಕಡು ನೊಂದನ್' ಎನ್ನುತ್ತಾನೆ. ಆನಂದವರ್ಧನ ಹೇಳಿದ ಕ್ರಮ ಇದೇ.

ಪದಗಳ ಕ್ರಮಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ಕಾಸರಗೋಡು ಕೇರಳಕ್ಕೆ ಸೇರಿದಾಗಿನ ಸಂಕಟವನ್ನು ಕಯ್ಯಾರ ಕಿಞ್ಞಣ್ಣ ರೈಯವರು ಹಾಡಿದ ಪದ್ಯ ಇಲ್ಲಿನ ಕನ್ನಡಿಗರಿಗೆ ಬಾಯಿಪಾಠ. ಅದು 'ಬೆಂಕಿ ಬಿದ್ದಿದೆ ಮನೆಗೆ' ಎಂದು ತೊಡಗುತ್ತದೆ. ಸುದ್ದಿ ಹೇಳುವವನು 'ಮನೆಗೆ ಬೆಂಕಿ ಬಿದ್ದಿದೆ' ಎನ್ನುತ್ತಾನೆ. ಕೂಗುತ್ತಾ ಓಡಿ ಬರುವವನ ಬಾಯಲ್ಲಿ ಮೊದಲು ಬರುವುದು ಬೆಂಕಿ. ಯಾವುದಕ್ಕೆ ಎಂಬುದು ಆಮೇಲೆ. ಮೂರೇ ಪದಗಳ ಜಾಗ ಬದಲಾದದ್ದರಿಂದ ಗಾಬರಿಯ ವಾತಾವರಣವೂ ಮನೆಯವನ ಧಾಟಿಯೂ ಒಟ್ಟಿಗೇ ಬಂದವು.

ನಿಮ್ಮ ಕಥೆಗೆ ಬರುತ್ತೇನೆ. ಮನೆ ಮಾರಿದ ದಿನ ಅಜ್ಜಿ ಅತ್ತರೆಂಬ ವಾಕ್ಯವನ್ನು ಸದ್ಯ ಬದಿಗಿಡಿ. ಆ ದಿನ ಅವರು ಎಂದಿನಂತೆ ಮಾಡಿದ ಒಂದು ಕೆಲಸ, ಮಾಡದೆ ಬಿಟ್ಟ ಒಂದು ಕೆಲಸ ಯಾವುದೆಂದು ನೆನಪಿಸಿಕೊಂಡು ಬರೆಯಿರಿ. ಆಮೇಲೆ ಹೇಳುವವರು ಯಾರೆಂದು ಗಟ್ಟಿ ಮಾಡಿಕೊಳ್ಳಿ. ಮಾರಿದ ಮಗನೋ, ಪಾಲು ಸಿಗದ ಮಗಳೋ, ರಜೆಗೆ ಮಾತ್ರ ಬರುತ್ತಿದ್ದ ಮೊಮ್ಮಗಳೋ? ಕೊಂಡವನನ್ನು ಆ ದನಿ ಏನೆಂದು ಕರೆಯುತ್ತದೆ? ಮನೆ ಮಾರಿದವರ ಬಗ್ಗೆ 'ಮಾರಿದರು' ಎನ್ನುತ್ತದೆಯೋ, 'ಮಾರಿಬಿಟ್ಟರು' ಎನ್ನುತ್ತದೆಯೋ? ಇಡೀ ಕಥೆಯಲ್ಲಿ ಈ ಎರಡು ಪ್ರಶ್ನೆಗೆ ಒಂದೇ ಉತ್ತರ ಇರುವಂತೆ ತಿದ್ದಿ. ಉತ್ತರ ಬದಲಾದರೆ ಹೇಳುವವರ ಮನಸ್ಸು ಬದಲಾದ ಜಾಗದಲ್ಲಿ ಮಾತ್ರ ಬದಲಾಗಲಿ. ತಿದ್ದಿದ್ದನ್ನು ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ. ಧಾಟಿ ತಪ್ಪಿದ ಕಡೆ ನಿಮ್ಮ ನಾಲಿಗೆಯೇ ಎಡವುತ್ತದೆ.