‘ಸ್ವಂತ ಕೋರಿಕೆ’ ಎಂದು ಬರೆದುಕೊಡುವ ಮುನ್ನ

ನನ್ನ ಹತ್ತಿರ ಸಲಹೆಗೆ ಬಂದ ಹುಡುಗಿ ಯಾರು, ಯಾವ ಕಾಲೇಜು ಎಂದು ಗೊತ್ತಾಗುವ ವಿವರಗಳನ್ನು ಬದಲಿಸಿದ್ದೇನೆ. ದಕ್ಷಿಣ ಕೊಡಗಿನ ಒಂದು ಪೇಟೆ ಅಂದುಕೊಳ್ಳಿ, ಸಾಕು.

ಬಿಎಸ್‌ಸಿ ನಾಲ್ಕನೇ ಸೆಮಿಸ್ಟರ್. ಕ್ಲಾಸಿನಲ್ಲಿ ಉಳಿದವರು ನಾಲ್ಕೇ ಜನ. ತಾಯಿ ಕಾಫಿ ತೋಟದ ಕೆಲಸದವರು, ತೋಟದ ಲೈನ್ ಮನೆಯಲ್ಲಿ (ಕೆಲಸಗಾರರ ಸಾಲುಮನೆ) ವಾಸ. ಮುಂದಿನ ವರ್ಷದಿಂದ ಬಿಎಸ್‌ಸಿ ಇರುವುದಿಲ್ಲ, ಬಿಕಾಂಗೆ ಸೇರಿ ಇಲ್ಲವೇ ಟಿಸಿ ತಗೊಳ್ಳಿ ಎಂದು ಕಾಲೇಜು ಹೇಳಿತ್ತು. ಅಮ್ಮ ಚೀಲದಿಂದ ಒಂದು ಟೈಪ್ ಮಾಡಿದ ಪತ್ರ ತೆಗೆದರು. ‘ನನ್ನ ಸ್ವಂತ ಕೋರಿಕೆಯ ಮೇರೆಗೆ ಕೋರ್ಸ್ ಬಿಡುತ್ತಿದ್ದೇನೆ’ ಎಂದಿತ್ತು.

“ಮೇಡಂ, ಸೋಮವಾರದೊಳಗೆ ಸೈನ್ ಹಾಕಿ ಕೊಡ್ಬೇಕಂತೆ. ಹಾಕ್ಬಿಡ್ಲಾ?”

ಹುಡುಗಿಗೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ. ಮನೆಯವರು ಕಾಮರ್ಸ್ ಅಂದಾಗ ಹಟ ಮಾಡಿ ಸೈನ್ಸ್ ತಗೊಂಡವಳು. ಹಾಗಾಗಿ ಕೋರ್ಸ್ ನಿಲ್ಲುತ್ತಿರುವುದಕ್ಕೂ ತಾನೇ ಕಾರಣ ಅಂದುಕೊಂಡಿದ್ದಳು. ಮೊದಲ ದಿನ ಅದನ್ನೇ ಮಾತಾಡಿದೆವು. ಸೀಟು ತುಂಬದಿರುವುದಕ್ಕೂ ನಿನ್ನ ಆಯ್ಕೆಗೂ ಸಂಬಂಧ ಇಲ್ಲ, ಈ ವಾರ ಯಾವ ತೀರ್ಮಾನವೂ ಬೇಡ ಅಂದೆ. ಅಮ್ಮನಿಗೆ ಹೇಳಿದ್ದು ಒಂದೇ: ಪತ್ರಕ್ಕೆ ಸೈನ್ ಬೇಡ.

ಕಾರಣ ಇದೆ. ನಾಲ್ಕು ಮಕ್ಕಳಿಗೆ ಲ್ಯಾಬ್, ಅತಿಥಿ ಉಪನ್ಯಾಸಕರು ಅಂತ ನಡೆಸುವುದು ಸುಲಭ ಅಲ್ಲ, ಪ್ರಿನ್ಸಿಪಾಲರ ಕಷ್ಟ ನನಗೆ ಅರ್ಥವಾಗುತ್ತದೆ. ಕೋರ್ಸ್ ನಿಲ್ಲಿಸಲಿ. ಆದರೆ ಅದಕ್ಕೊಂದು ಕ್ರಮ ಇದೆ. ಹೊಸ ದಾಖಲಾತಿ ನಿಲ್ಲಿಸಿ, ಒಳಗಿರುವ ಬ್ಯಾಚ್ ಮುಗಿಯುವ ತನಕ ನಡೆಸಬೇಕು. ತಾಂತ್ರಿಕ ಕೋರ್ಸ್‌ಗಳಿಗೆ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಹಂತ ಹಂತವಾಗಿ ಮುಚ್ಚುವ ಇಂಥ ದಾರಿಯನ್ನೇ ಇಟ್ಟಿದೆ. ನಮ್ಮ ರಾಜ್ಯ 2024–25ರಲ್ಲಿ ನಾಲ್ಕು ವರ್ಷದ ಪದವಿ ಬಿಟ್ಟು ಮೂರು ವರ್ಷಕ್ಕೆ ಮರಳಿದಾಗಲೂ ಹಾಗೇ ಆಯಿತು. ಮೊದಲೇ ಸೇರಿದ್ದ ಬ್ಯಾಚ್‌ಗಳು ಹಳೇ ಪದ್ಧತಿಯಲ್ಲೇ ಮುಂದುವರಿದವು. ಆ ಪತ್ರಕ್ಕೆ ಸೈನ್ ಬಿದ್ದರೆ ಇದೆಲ್ಲ ಕೇಳಲು ಬರುವುದಿಲ್ಲ. ಕಾಲೇಜು ಕೋರ್ಸ್ ಮುಚ್ಚಿದ್ದಲ್ಲ, ಅವಳೇ ಬಿಟ್ಟಳು ಅಂತಾಗುತ್ತದೆ.

ಬಿಕಾಂಗೆ ಹೋದರೆ ಮತ್ತೆ ಮೊದಲ ವರ್ಷದಿಂದ. ವಿದ್ಯಾರ್ಥಿವೇತನದ ಮಾತು ಬೇರೆ. ಮೊದಲೇ ಅನುಮತಿ ಪಡೆಯದೆ ಕೋರ್ಸ್ ಅಥವಾ ಕಾಲೇಜು ಬದಲಿಸಿದರೆ ಅದು ರದ್ದಾಗಬಹುದು. ಅಮ್ಮನಿಗೆ ಇದನ್ನು ಯಾರೂ ಹೇಳಿರಲಿಲ್ಲ. “ಓದಿದ್ದು ಸಾಕು, ತೋಟಕ್ಕೆ ಬರ್ಲಿ” ಎಂದು ಅವರು ಅಂದದ್ದು ದುಡ್ಡಿನ ಭಯದಿಂದಲೇ.

ಇನ್ನೊಂದು ಗಾಳಿಸುದ್ದಿಯೂ ಅಮ್ಮನ ತಲೆಯಲ್ಲಿತ್ತು. “ಯೂನಿವರ್ಸಿಟಿನೇ ಮುಚ್ತಾರಂತಲ್ಲ, ಡಿಗ್ರಿ ನಡೆಯುತ್ತಾ?” 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಿ ಹಳೇ ವಿಶ್ವವಿದ್ಯಾಲಯಗಳಲ್ಲಿ ವಿಲೀನ ಮಾಡಲು ಶಿಫಾರಸು ಮಾಡಿತ್ತು. ಚಿಕ್ಕ ಅಳುವಾರದ ಕೊಡಗು ವಿಶ್ವವಿದ್ಯಾಲಯವೂ ಅದರಲ್ಲಿತ್ತು. ವಿಲೀನದ ಮಾತು ಬಂತೆಂದು ಪಾಸಾದ ಪೇಪರ್ ಕೆಡುವುದಿಲ್ಲ, ಅದನ್ನೂ ಇದನ್ನೂ ಬೆರೆಸಬೇಡಿ ಅಂದೆ.

ಆಮೇಲೆ ಕೂತು ಪ್ರಿನ್ಸಿಪಾಲರಿಗೆ ಒಂದು ಪತ್ರ ಬರೆಸಿದೆ. ಬರೆದವಳು ಹುಡುಗಿಯೇ. ಕೋರ್ಸ್ ನಿಲ್ಲಿಸಲು ವಿಶ್ವವಿದ್ಯಾಲಯ ಒಪ್ಪಿದೆಯೇ, ಯಾವ ಬ್ಯಾಚ್‌ನಿಂದ? ಐದು, ಆರನೇ ಸೆಮಿಸ್ಟರ್ ಪಾಠ ಯಾರು ಮಾಡುತ್ತಾರೆ, ಪ್ರಾಕ್ಟಿಕಲ್ ಎಲ್ಲಿ? ಬಾಕಿ ಇರುವ ಗಣಿತದ ಪೇಪರ್‌ಗೆ ಹಳೇ ಸ್ಕೀಮಿನ ಪರೀಕ್ಷೆ ಎಷ್ಟು ಸಲ ನಡೆಯುತ್ತದೆ? ಕಾಲೇಜಿನಲ್ಲಿರುವ ಮೂಲ ಅಂಕಪಟ್ಟಿಗಳನ್ನೂ ವಾಪಸ್ ಕೇಳಿಸಿದೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಅವನ್ನು ಇಟ್ಟುಕೊಳ್ಳಬಾರದು ಎಂದಿದೆ. ಪತ್ರದ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡ ಎಂದು ಮತ್ತೆ ಮತ್ತೆ ಹೇಳಿದ್ದೆ.

ಉತ್ತರ ಬರದಿದ್ದರೆ ಕಾಲೇಜಿನ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ದೂರು. ಯುಜಿಸಿಯ 2023ರ ನಿಯಮದಂತೆ ಸಮಿತಿ ಆದಷ್ಟು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದು ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಓಂಬುಡ್ಸ್‌ಪರ್ಸನ್‌ಗೆ (ವಿದ್ಯಾರ್ಥಿಗಳ ಮೇಲ್ಮನವಿ ವಿಚಾರಿಸುವ ಅಧಿಕಾರಿ) ಮೇಲ್ಮನವಿ. ಅಷ್ಟು ದೂರ ಹೋಗಬೇಕಾಗಲಿಲ್ಲ.

ಬೇರೆ ಕಾಲೇಜಿಗೆ ವರ್ಗವನ್ನೂ ಯೋಚಿಸಿದೆವು. ಅದೇ ವಿಶ್ವವಿದ್ಯಾಲಯ, ಅದೇ ವಿಷಯಗಳಾದರೆ ಆಗುವಂಥದ್ದೇ. ಆದರೆ ಆ ದಾರಿಯಲ್ಲಿ ಓಡುವುದು ಖಾಸಗಿ ಬಸ್, ಶಕ್ತಿ ಯೋಜನೆಯ ಉಚಿತ ಟಿಕೆಟ್ ಅದರಲ್ಲಿ ನಡೆಯುವುದಿಲ್ಲ. ಜುಲೈ ಮಳೆಯಲ್ಲಿ ಮರ ಬಿದ್ದರೆ ಆ ಬಸ್ಸೂ ಇಲ್ಲ. ಹಾಸ್ಟೆಲ್ ಸಿಕ್ಕರೆ ಮಾತ್ರ ಎಂದು ಅದನ್ನು ಎರಡನೇ ದಾರಿಯಾಗಿ ಇಟ್ಟೆವು.

ಕಾಲೇಜು ಕೊನೆಗೆ ಈ ಬ್ಯಾಚ್ ಮುಗಿಸಿಕೊಡುತ್ತೇವೆ ಎಂದು ಬರೆದುಕೊಟ್ಟಿತು. ಪ್ರಾಕ್ಟಿಕಲ್ ಶನಿವಾರಗಳಂದು ಪಕ್ಕದ ಕಾಲೇಜಿನಲ್ಲಿ. ಇವಳ ಜೊತೆ ಇನ್ನಿಬ್ಬರು ಉಳಿದರು. ನಾಲ್ಕನೆಯವನು ಆಗಲೇ ಸೈನ್ ಹಾಕಿ ಟಿಸಿ ತಗೊಂಡಿದ್ದ. ಅವನನ್ನು ವಾಪಸ್ ಸೇರಿಸಿಕೊಳ್ಳಲು ಕಾಲೇಜು ಒಪ್ಪಿಲ್ಲ. ಹುಡುಗಿಗೆ ಈಗ ನಿದ್ದೆ ಪರವಾಗಿಲ್ಲ, ಪರೀಕ್ಷೆಯ ಭಯ ಇದ್ದೇ ಇದೆ. ಗಣಿತದ ಪೇಪರಿನ ಪ್ರಶ್ನೆಗೆ ಮಾತ್ರ ಕಾಲೇಜು ಉತ್ತರ ಕೊಟ್ಟಿಲ್ಲ. ಪರೀಕ್ಷಾ ವಿಭಾಗಕ್ಕೂ ಒಂದು ಪ್ರತಿ ಕಳಿಸಿ ನೆನಪೋಲೆ ಬರೆಯಲು ಹೇಳಿದ್ದೇನೆ.