ಮನೆಯಲ್ಲೇ ಪ್ರಾರ್ಥಿಸಿದರೆ ಸಾಲದೇ, ಸಭೆಗೆ ಸೇರಲೇಬೇಕಾ?

ಯೇಸುವನ್ನು ನಂಬಿದ್ದೇನೆ, ದಿನವೂ ಸತ್ಯವೇದ (ಬೈಬಲ್) ಓದುತ್ತೇನೆ, ಯೂಟ್ಯೂಬಿನಲ್ಲಿ ಒಳ್ಳೊಳ್ಳೆಯ ಪ್ರಸಂಗ (ಬೋಧನೆ) ಕೇಳುತ್ತೇನೆ, ಹೀಗಿರುವಾಗ ಹತ್ತಿರದ ಸಭೆಯೊಂದಕ್ಕೆ, ಅಂದರೆ ಚರ್ಚಿಗೆ, ಸೇರಲೇಬೇಕಾ ಅಂತ ಕೇಳಿದ್ದೀರಿ. ಸೇರಬೇಕು ಅಂತಲೇ ನನ್ನ ಉತ್ತರ. ಇದೇ ಪ್ರಶ್ನೆ ಇಟ್ಟುಕೊಂಡು ಮೂರು ವರ್ಷ ಸಭೆಯಿಲ್ಲದೆ ಕಳೆದವಳು ನಾನು.

ನನ್ನ ಊರು ಮಂಗಳೂರು. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯ ಕಾಲದ ಹಳೆಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದೆ. ಕೆಲಸಕ್ಕೆ ಬೆಂಗಳೂರಿಗೆ ಬಂದ ಮೇಲೆ ಹೋಗುತ್ತಿದ್ದ ಸಭೆಯಲ್ಲಿ ಚುನಾವಣೆಯ ಜಗಳ ಎದ್ದಿತು. ಹಿರಿಯರೊಬ್ಬರು ಎಲ್ಲರೆದುರು ನನ್ನ ಮೇಲೆ ಕೂಗಾಡಿದರು. ಅಂದೇ ಬಿಟ್ಟೆ. ಆಮೇಲೆ ಭಾನುವಾರ ಅಂದರೆ ಇಯರ್‌ಫೋನು, ಕಾಫಿ, ಪ್ರಸಂಗ. ಆ ಪ್ರಸಂಗಗಳಿಂದ ತುಂಬ ಕಲಿತೆ, ಅದು ನಿಜ. ಆದರೆ ಒಂದು ದಿನ ಪ್ರಸಂಗವನ್ನು ಅರ್ಧಕ್ಕೆ ನಿಲ್ಲಿಸಿ, ತರಕಾರಿ ತಂದು, ಮತ್ತೆ ಹಾಕಿಕೊಂಡು ಕೂತಾಗ ಮನಸ್ಸಿಗೆ ಚುಚ್ಚಿತು. ವಿಡಿಯೊ ನನಗಾಗಿ ಎಷ್ಟು ಹೊತ್ತಾದರೂ ಕಾಯುತ್ತದೆ, ನಾನು ಮಾತ್ರ ಮೂರು ವರ್ಷದಿಂದ ಯಾರಿಗಾಗಿಯೂ ಕಾದಿಲ್ಲ.

ಅಪೊಸ್ತಲ ಪೌಲನು ಕೊರಿಂಥ ಪಟ್ಟಣದ ಸಭೆಯವರಿಗೆ ಬರೆದ ಮೊದಲನೆಯ ಪತ್ರದ 11ನೇ ಅಧ್ಯಾಯ ತೆಗೆದು ನೋಡಿ. ಆ ಸಭೆಯಲ್ಲಿ ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದಕ್ಕೆ) ಕೂಡುವಾಗಲೂ ಉಳ್ಳವರು ತಮ್ಮ ಪಾಡಿಗೆ ಮೊದಲೇ ಉಂಡು ಕುಡಿದು ಅಮಲೇರಿಸಿಕೊಳ್ಳುತ್ತಿದ್ದರು, ಇಲ್ಲದವರು ಹಸಿದು ಕೂತಿರುತ್ತಿದ್ದರು. ನಾನು ಬಿಟ್ಟುಬಂದ ಸಭೆಗಿಂತ ಕೆಟ್ಟ ಸ್ಥಿತಿ. ಪೌಲ ಅವರನ್ನು ಚೆನ್ನಾಗಿಯೇ ಗದರಿಸುತ್ತಾನೆ. ಆದರೆ ಕೂಡುವುದನ್ನೇ ನಿಲ್ಲಿಸಿ ಅನ್ನುವುದಿಲ್ಲ. ಹಸಿವಾದರೆ ಮನೆಯಲ್ಲಿ ಉಂಡು ಬನ್ನಿ, ಕೂಡಿದಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ ಅನ್ನುತ್ತಾನೆ. ಚಿಕ್ಕಂದಿನಿಂದ ಕೇಳಿದ ಭಾಗವೇ ಅದು. ನನಗೆ ತಟ್ಟಿದ್ದು ಆ ವರ್ಷ.

ನಮ್ಮ ಹಿರಿಯರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ಕಾಲದಲ್ಲಿ ದೀಕ್ಷಾಸ್ನಾನ ಪಡೆದವರಲ್ಲಿ ಬಿಲ್ಲವರು ಬಹಳ ಮಂದಿ. ಕ್ರೈಸ್ತರಾದರು ಅಂತ ಮನೆಯಿಂದ ಹೊರಬಿದ್ದವರು, ಗೇಣಿಯ ಗದ್ದೆ ಕಳೆದುಕೊಂಡವರು ಅವರಲ್ಲಿದ್ದರು. ಮಿಷನ್ನು ನೇಯ್ಗೆ ಶುರುಮಾಡಿದ್ದು, 1865ರಲ್ಲಿ ಹಂಚಿನ ಕಾರ್ಖಾನೆ ಕಟ್ಟಿದ್ದು ಅಂಥವರಿಗೆ ಕೆಲಸ ಬೇಕಾಗಿತ್ತು ಅನ್ನುವ ಕಾರಣಕ್ಕೂ ಹೌದು. ಹೆರಿಗೆಗೆ ಬಂದು ನಿಲ್ಲಲು, ಸತ್ತರೆ ಹೆಗಲು ಕೊಡಲು ಅವರಿಗೆ ಸಭೆಯವರಲ್ಲದೆ ಬೇರೆ ಯಾರಿದ್ದರು?

ಈಗ ನಾನಿರುವುದು ಚಿಕ್ಕದೊಂದು ಕನ್ನಡ ಸಭೆಯಲ್ಲಿ. ಹಾಡುವ ತಂಡ ಸಾಧಾರಣ, ಪ್ರಸಂಗ ಕೆಲವೊಮ್ಮೆ ಉದ್ದ. ಕರ್ತನ ಭೋಜನದ ದಿನ ಮಂಡಿ ನೋವಿನ ಅಜ್ಜಿಯೊಬ್ಬರನ್ನು ಕೈಹಿಡಿದು ಪೀಠದವರೆಗೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂದ ಕೆಲಸ. ಯಾರೂ ಹಂಚಿಕೊಟ್ಟದ್ದಲ್ಲ, ಪಕ್ಕದಲ್ಲಿ ಕೂತಿದ್ದೆ ಅಷ್ಟೆ. ಒಂದು ವಾರ ಅವರು ಬರಲಿಲ್ಲ. ಮನೆಗೆ ಹೋದರೆ ಎರಡು ದಿನದಿಂದ ಜ್ವರ, ಗಂಜಿ ಕಾಯಿಸಿಕೊಡಲೂ ಯಾರಿಲ್ಲ. ‘ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು ಮಗಳೇ’ ಅಂದರು. ಅವರ ಊರು, ಭಾಷೆಯ ಧಾಟಿ, ವಯಸ್ಸು ಯಾವುದೂ ನನಗೆ ಹೊಂದುವುದಿಲ್ಲ. ಸ್ನೇಹಿತರನ್ನು ನಾನೇ ಆರಿಸಿಕೊಳ್ಳುವುದಾದರೆ ಅವರು ನನಗೆ ಸಿಗುತ್ತಲೇ ಇರಲಿಲ್ಲ.

ಸಭೆಯವರು ಬೆಳೆದದ್ದು, ಮನೆಯಲ್ಲಿದ್ದದ್ದು ತಂದು ದೇವರಿಗೆ ಕೊಡುವ ಬೆಳೆಹಬ್ಬದ ಹರಾಜನ್ನೂ ಹೇಳಲೇಬೇಕು. ಯಾರೋ ತಂದ ಬಾಳೆಗೊನೆಯನ್ನು ಇನ್ಯಾರೋ ಕೊಂಡು, ಮತ್ತೆ ಸಭೆಗೇ ಕೊಟ್ಟು, ಅದು ಎರಡನೇ ಸಲ ಹರಾಜಾಗುತ್ತದೆ. ಎರಡು ಮೊಟ್ಟೆ ತಂದ ಹುಡುಗ ತನ್ನ ಮೊಟ್ಟೆಯ ಸರದಿ ಬರುವವರೆಗೆ ಮುಂದಿನ ಸಾಲಿನಿಂದ ಕದಲುವುದಿಲ್ಲ. ಇಂಥ ಸಂತೋಷ ಒಬ್ಬಳೇ ಕೂತು ಪ್ರಸಂಗ ಕೇಳುವಾಗ ನನಗೆ ಸಿಕ್ಕಿರಲಿಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ಬೆದರಿಸಿ ದುಡ್ಡು ಕೀಳುವ, ಹೆಣ್ಣುಮಕ್ಕಳ ಜೊತೆ ಕೆಟ್ಟದಾಗಿ ನಡೆದುಕೊಳ್ಳುವ, ಪ್ರಶ್ನೆ ಕೇಳಿದರೆ ಶಪಿಸುವ ಜಾಗವಾದರೆ ಎದ್ದು ಬನ್ನಿ, ಬೇರೆ ಸಭೆ ಹುಡುಕಿ. ಅದು ಅವಿಶ್ವಾಸವಲ್ಲ. ಹಾಸಿಗೆ ಹಿಡಿದವರ ವಿಷಯವೂ ಬೇರೆ, ಅವರ ಹತ್ತಿರ ಸಭೆಯೇ ಹೋಗಬೇಕು.

ನೀವು ಹೋಗುವುದಾದರೆ ವಾರಕ್ಕೊಂದು ಕಡೆ ಸುತ್ತಬೇಡಿ. ಮನೆಗೆ ಹತ್ತಿರದ ಒಂದೇ ಸಭೆಗೆ ಆರು ತಿಂಗಳು ಹೋಗಿ. ಆಶೀರ್ವಾದ ಮುಗಿದ ಕೂಡಲೇ ಗಾಡಿ ತೆಗೆಯದೆ ಹತ್ತು ನಿಮಿಷ ಹೊರಗೆ ನಿಂತು ಮಾತಾಡಿ. ಸರಿ ಅನ್ನಿಸಿದರೆ ಅಯ್ಯನವರನ್ನು (ಸಭೆಯ ಪಾದ್ರಿಯನ್ನು) ಕಂಡು ಸದಸ್ಯತ್ವದ ಬಗ್ಗೆ ಕೇಳಿ. ಹಿಂದೆ ಬೇರೆ ಸಭೆಯಲ್ಲಿ ಹೆಸರಿದ್ದರೆ ಅಲ್ಲಿಂದ ಪತ್ರ ತರಿಸಿಕೊಳ್ಳಿ. ನಾಚಿಕೆ ಇದ್ದರೆ ಮೊದಲು ಬೆಂಚು ಒರೆಸುವ ಕೆಲಸ ಕೇಳಿ, ನಾನೂ ಅಲ್ಲಿಂದಲೇ ಶುರುಮಾಡಿದ್ದು.